ದೇವಗಂಗೆಗೆ ಗುಡ್ಡದ ನೀರೇ ಯಾಕೆ?

ಬಿದನೂರು ಕೋಟೆ (ಈಗಿನ ನಗರ, ಹೊಸನಗರ ತಾಲ್ಲೂಕು) ನೋಡಿದವರಿಗೆ ಒಂದು ಪ್ರಶ್ನೆ. ಕೋಟೆಯ ಪಕ್ಕದಲ್ಲೇ ದೊಡ್ಡ ಕೆರೆ ಇದೆ. ಕೋಟೆಯ ಒಳಗೆ ಅಕ್ಕ-ತಂಗಿ ಕೊಳ ಇದೆ. ಮಳೆಗಂತೂ ಬರ ಇಲ್ಲ, ಹುಲಿಕಲ್ ಪಕ್ಕದಲ್ಲೇ ಇರೋ ಊರು ಅದು. ಹೀಗಿದ್ರೂ ಕೆಳದಿ ಅರಸರಿಗೆ ತಮ್ಮ ವಿಹಾರಕ್ಕೆ ಒಂದಿಷ್ಟು ಚಂದದ ಕೊಳ ಕಟ್ಟಿಸಬೇಕು ಅನ್ನಿಸಿದಾಗ, ಅವರು ಕೋಟೆ ಬಿಟ್ಟು ಕೆಲವು ಕಿಲೋಮೀಟರ್ ಆಚೆಗಿನ ಬಸವನಬ್ಯಾಣಕ್ಕೆ ಹೋದರು. ಅಲ್ಲಿ ಗುಡ್ಡದ ಬುಡದಲ್ಲಿ ಕಟ್ಟಿಸಿದ್ದೇ ದೇವಗಂಗೆ ಕೊಳಗಳು. ಕೈಗೆ ಸಿಗೋ ಹಾಗೆ ಕೆರೆ ಇಟ್ಕೊಂಡು ಅಷ್ಟು ದೂರ ಯಾಕೆ ಹೋದರು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಕೊಳದ ಕತೆ. ಒಂದು ಮಾತು ಮುಂಚೆನೇ ಹೇಳಿಬಿಡ್ತೀನಿ... ನಾನೇನು ಇತಿಹಾಸ ಓದಿದೋನಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೋಡ್ ಬರ್ಕೊಂಡಿರೋ ತಾಳಗುಪ್ಪ ಕಡೆಯವನು. ಹಾಗಾಗಿ ಕೆಳಗೆ 'ಯಾಕೆ' ಅನ್ನೋದಕ್ಕೆ ಬರೋ ಉತ್ತರ ಯಾವ ಶಾಸನದಲ್ಲೂ ಇರೋದಲ್ಲ, ಜಾಗ ನೋಡಿ ನಾನು ಮಾಡ್ಕೊಂಡ ಊಹೆ. ವರ್ಷ, ಹೆಸರುಗಳು ಮಾತ್ರ ಊಹೆಯಲ್ಲ.

ದೇವಗಂಗೆ ನೋಡದೇ ಇರೋರಿಗೆ: ಅಲ್ಲಿ ಒಟ್ಟು ಏಳು ಕೊಳಗಳಿವೆ. ಒಂದು ದೊಡ್ಡದು, ಆಯತಾಕಾರದ್ದು, ನಡುವೆ ಕಲ್ಲಿನ ಕಟ್ಟೆ, ಅಲ್ಲಿಗೆ ಹೋಗೋಕೆ ಕಲ್ಲಿನದೇ ಕಾಲುದಾರಿ. ಉಳಿದವು ಸಣ್ಣವು, ನಕ್ಷತ್ರದ ಹಾಗೆ, ಹೂವಿನ ಹಾಗೆ, ಒಂದರ ಆಕಾರ ಇನ್ನೊಂದಕ್ಕಿಲ್ಲ. ಪಕ್ಕದಲ್ಲಿ ದೇವಸ್ಥಾನ. ಹಿಂದೆ ಗುಡ್ಡ, ಕಾಡು. ಗುಡ್ಡದ ಒರತೆಯಿಂದ ನೀರು ತಾನಾಗೇ ಇಳಿದು ಬರುತ್ತೆ, ಕೊಳ ತುಂಬುತ್ತೆ, ಹೊರಗೆ ಹರಿದು ಹೋಗುತ್ತೆ. ಬೇಸಿಗೆಯಲ್ಲೂ ನಿಲ್ಲೋದಿಲ್ಲ. ಪಂಪಿಲ್ಲ, ಕರೆಂಟಿಲ್ಲ. ಇದು ಊರಿಗೆ ನೀರು ಕುಡಿಸೋಕೆ ಕಟ್ಟಿದ್ದಲ್ಲ, ಗದ್ದೆಗೆ ಬಿಡೋಕೆ ಕಟ್ಟಿದ್ದೂ ಅಲ್ಲ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಗಾರ್ಡನ್ ಪಾಂಡು, ರಾಜರದ್ದು ಅಷ್ಟೇ :-)

ಕೆಳದಿಯವರಿಗೆ ಕೊಳ ಕೆರೆ ಹೊಸದೇನಲ್ಲ. ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ. ಇವೆರಡರ ನಡುವೆ ಕಟ್ಟಿದ ಸದಾಶಿವಸಾಗರದಿಂದಲೇ ಸಾಗರ ಊರಿಗೆ ಹೆಸರು ಬಂತು, ಈಗ ನಾವು ಗಣಪತಿ ಕೆರೆ ಅಂತೀವಿ. ಆನಂದಪುರದ ಹತ್ತಿರ ವೆಂಕಟಪ್ಪನಾಯಕ ತನ್ನ ಪ್ರೀತಿಯ ಚಂಪಕಳ ನೆನಪಿಗೆ ಕಟ್ಟಿಸಿದ ಅನ್ನೋ ಚಂಪಕ ಸರಸು ಇದೆ. ಪ್ರೇಮಕತೆ ಜನರ ಬಾಯಲ್ಲಿರೋದು, ಕೊಳ ಮಾತ್ರ ನಿಜವಾಗಿ ಚಂದ. ಈಚಿನ ವರ್ಷಗಳಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಅದರ ಹೂಳು ತೆಗೆಸಿ ದುರಸ್ತಿ ಮಾಡಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಗುಡ್ಡದ ನೆತ್ತಿಯಲ್ಲೇ ಕೊಳಗಳಿವೆ.

1637ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಇಕ್ಕೇರಿ ಮೇಲೆ ಬಿದ್ದ ಮೇಲೆ, 1639ರ ಸುಮಾರಿಗೆ ವೀರಭದ್ರನಾಯಕ ರಾಜಧಾನಿಯನ್ನ ಬಿದನೂರಿಗೆ ಸಾಗಿಸಿದ. ಸುತ್ತ ಗುಡ್ಡ, ದಟ್ಟ ಕಾಡು, ಕೆಳಗೆ ಘಟ್ಟ. ಶಿವಪ್ಪನಾಯಕನ ಕಾಲಕ್ಕೆ (1645-1660) ಬಿದನೂರು ದೊಡ್ಡ ಪಟ್ಟಣ ಆಯ್ತು. ಘಟ್ಟದ ಕೆಳಗಿನ ಬಂದರುಗಳಿಂದ ವ್ಯಾಪಾರ, ಅಡಿಕೆ, ಮೆಣಸು, ಕುದುರೆ, ಸೈನ್ಯ ಎಲ್ಲಾ ಅಲ್ಲಿ. 1763ರಲ್ಲಿ ಹೈದರಾಲಿ ಹಿಡಿದು ಹೈದರನಗರ ಅಂತ ಹೆಸರಿಡೋವರೆಗೂ ಅದರ ವೈಭವ ನಡೀತು. ಹೈದರ ಹೋದ, ಹೆಸರಲ್ಲಿ 'ನಗರ' ಉಳೀತು. ಈಗ ಅಲ್ಲಿ ನಗರದ ಲಕ್ಷಣ ಏನೂ ಇಲ್ಲ, ಅದು ಬೇರೆ ಮಾತು.

ಈಗ ನನ್ನ ಊಹೆ. ದೊಡ್ಡ ಪಟ್ಟಣ ಅಂದ್ಮೇಲೆ ಮನೆಗಳು, ಕೊಟ್ಟಿಗೆಗಳು, ಕುದುರೆ ಲಾಯ, ಆನೆ, ಸಾವಿರಾರು ಜನರ ಬಚ್ಚಲು. ಅದೆಲ್ಲದರ ಮೇಲೆ ಮಲೆನಾಡಿನ ಮಳೆ. ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ? ತಗ್ಗಿಗೆ. ಕೆರೆ ಇರೋದು ಎಲ್ಲಿ? ತಗ್ಗಲ್ಲಿ. ಕೆರೆ ಎಷ್ಟೇ ದೊಡ್ಡದಿರಲಿ, ಅದು ತನ್ನ ಮೇಲಿರೋ ಊರಿನ ಲೆಕ್ಕಪುಸ್ತಕ ಇದ್ದ ಹಾಗೆ. ಗುಡ್ಡದ ಒರತೆಗೆ ಆ ತೊಂದರೆ ಇಲ್ಲ, ಅದರ ಮೇಲೆ ಊರೇ ಇಲ್ಲ. ಗದ್ದೆ ಇಲ್ಲ, ತೋಟ ಇಲ್ಲ, ಬರೀ ಕಾಡು ಮತ್ತು ಬ್ಯಾಣ. (ಬ್ಯಾಣ ಅಂದ್ರೆ ನಮ್ಮ ಕಡೆ ಹುಲ್ಲು ಬೆಳೆಯೋ ಗುಡ್ಡ, ಬಯಲುಸೀಮೆ ಗೆಳೆಯರಿಗೆ ಗೊತ್ತಿರಲಿ ಅಂತ.) ಊರಿನ ಹೆಸರಲ್ಲೇ ಬ್ಯಾಣ ಇದೆ ನೋಡಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ಅಪ್‌ಸ್ಟ್ರೀಮ್' ಅಂತ ಒಂದು ಪದ ಇದೆ. ನಾವು ಬರೆದ ಕೋಡ್ ಸರಿಯಿದ್ರೂ ಮೇಲಿಂದ ಬರೋದು ಕೆಟ್ಟಿದ್ರೆ ನಮ್ಮದೂ ಕೆಡುತ್ತೆ. ಎಷ್ಟು ವರ್ಷ ಆ ಪದ ಬಳಸಿದ್ರೂ ಅದು ಹೊಳೆಯಿಂದ ಬಂದ ಮಾತು ಅಂತ ಯೋಚಿಸೇ ಇರಲಿಲ್ಲ!

ಕೆರೆಯ ಲೆಕ್ಕಪುಸ್ತಕದ ಮಾತಿಗೆ ಸಾಗರದ ಗಣಪತಿ ಕೆರೆಯೇ ಸಾಕ್ಷಿ. ಕಟ್ಟಿದಾಗ ಸುತ್ತ ಊರಿರಲಿಲ್ಲ. ಕೆರೆ ಬಂತು, ಕೆರೆಯಿಂದ ಊರಿಗೆ ಹೆಸರು ಬಂತು, ಊರು ಬೆಳೀತು, ಊರಿನ ಚರಂಡಿ ಕೆರೆಗೆ ಬಂತು. ಹೂಳೆತ್ತೋದು, ಕಳೆ ತೆಗೆಯೋದು ಎಲ್ಲ ನಡೆದಿದೆ, ನಡೀತಾನೂ ಇದೆ. ಆದ್ರೆ ಅದರ ಮೇಲಿರೋ ಊರನ್ನ ಯಾರೂ ಎತ್ತಿ ಬೇರೆ ಕಡೆ ಇಡೋಕಾಗಲ್ಲ.

ಗುಡ್ಡದಲ್ಲಿ ಬೇಸಿಗೆಯಲ್ಲೂ ನೀರು ಬರೋದು ಹೇಗೆ? ಇದು ಜಂಬಿಟ್ಟಿಗೆಯ ಮಹಿಮೆ. ನಮ್ಮ ಕಡೆಯ ಬಹಳಷ್ಟು ಗುಡ್ಡಗಳಿಗೆ ಜಂಬಿಟ್ಟಿಗೆ ಕಲ್ಲಿನ ಟೋಪಿ ಇದೆ. ಅದು ತೂತು ತೂತು, ಮಳೆ ನೀರನ್ನ ಸ್ಪಂಜಿನ ಹಾಗೆ ಕುಡಿಯುತ್ತೆ. ಅದರ ಕೆಳಗೆ ಶೇಡಿ ಮಣ್ಣು, ನೀರು ಅದರೊಳಗೆ ಸಲೀಸಾಗಿ ಇಳಿಯಲ್ಲ. ಹಾಗಾಗಿ ನೀರು ಇವೆರಡು ಸೇರೋ ಗೆರೆಯಲ್ಲಿ ಜಾರಿ ಗುಡ್ಡದ ಪಕ್ಕೆಯಲ್ಲಿ ಎಲ್ಲೋ ಒಂದು ಕಡೆ ಹೊರಗೆ ಬರುತ್ತೆ. ಆಷಾಢದಲ್ಲಿ ಬಿದ್ದ ಮಳೆ ಫಾಲ್ಗುಣದಲ್ಲೂ ಬರ್ತಾ ಇರುತ್ತೆ. ತಿಂಗಳುಗಟ್ಟಲೆ ಕಲ್ಲು ಮಣ್ಣಿನ ಮೂಲಕ ಸೋಸಿಕೊಂಡು ಬಂದ ನೀರು ಅದು. ಅಡಿಕೆ ಮರ ಸೀಳಿ ದೋಣಿ ಮಾಡಿ ಮನೆ ಬಾಗಿಲಿಗೆ ತರ್ತಿದ್ದ ಅಬ್ಬಿ ನೀರೂ ಇದೇ. ಶರಾವತಿಯೇ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಇಂಥದೊಂದು ಸಣ್ಣ ಒರತೆಯಾಗಿ ಹುಟ್ಟೋದು.

ಒಂದು ತಮಾಷೆ ಗೊತ್ತಾ? ಇಂಗ್ಲಿಷಿನಲ್ಲಿ ಈ ಕಲ್ಲಿಗೆ 'ಲ್ಯಾಟರೈಟ್' ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮೇಲೆ ಕಂಪನಿಯವರು ಮೈಸೂರು, ಕೆನರಾ, ಮಲಬಾರು ನೋಡ್ಕೊಂಡು ಬಾ ಅಂತ ಕಳಿಸಿದ ಡಾಕ್ಟರು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನ ಇಟ್ಟಿಗೆ ಹಾಗೆ ಕಡಿಯೋದು ನೋಡಿದ, 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಲ್ಯಾಟಿನ್ನಿನ 'ಇಟ್ಟಿಗೆ' ಅನ್ನೋ ಪದದಿಂದ ಹೆಸರು ಕೊಟ್ಟ. ನಮ್ಮ 'ಜಂಬಿಟ್ಟಿಗೆ'ಯಲ್ಲಿ ಇಟ್ಟಿಗೆ ಮೊದಲಿಂದನೂ ಇತ್ತಲ್ವಾ! ಇದೇ ಬುಕನನ್ 1801ರಲ್ಲಿ ಇಕ್ಕೇರಿ, ನಗರ ಎಲ್ಲ ಸುತ್ತಿ ನಮ್ಮ ಅಡಿಕೆ ತೋಟಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ.

ನೀರು ಹುಡುಕೋ ವಿದ್ಯೆ ನಮ್ಮಲ್ಲಿ ಹಳೇದು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಅಂತ ಒಂದು ಅಧ್ಯಾಯವೇ ಇದೆ. ಯಾವ ಮರದ ಪಕ್ಕ ಹುತ್ತ ಇದ್ರೆ ಎಷ್ಟು ಆಳದಲ್ಲಿ ನೀರು ಅನ್ನೋದರ ಪಟ್ಟಿ. ಕನ್ನಡದಲ್ಲೇ ಬೇಕು ಅಂದ್ರೆ 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲೂ ನೀರು ಹುಡುಕೋ ವಿಷಯ ಬರುತ್ತೆ. (ಶ್ರವಣಬೆಳಗೊಳದ ಚಾವುಂಡರಾಯ ಅಲ್ಲ, ಇವನು ಬೇರೆ.) ಕೆಳದಿಯ ಬಸವಪ್ಪನಾಯಕನಂತೂ 1709ರಲ್ಲಿ ಶಿವತತ್ತ್ವ ರತ್ನಾಕರ ಅಂತ ಸಂಸ್ಕೃತದಲ್ಲಿ ಒಂದು ವಿಶ್ವಕೋಶವನ್ನೇ ಬರೆದ. ಅಂದ್ರೆ ಆ ಆಸ್ಥಾನದಲ್ಲಿ ಇಂಥ ವಿದ್ಯೆಗಳಿಗೆಲ್ಲ ಬೆಲೆ ಇತ್ತು.

ಆದ್ರೆ ಹುಡುಕೋದು ಬೇರೆ, ಸಿಕ್ಕ ನೀರು ಒಳ್ಳೇದಾ ಅಂತ ತಿಳಿಯೋದು ಬೇರೆ. ವರಾಹಮಿಹಿರ ಇದಕ್ಕೂ ಒಂದು ಮದ್ದು ಹೇಳ್ತಾನೆ: ಲಾವಂಚ, ನೆಲ್ಲಿಕಾಯಿ, ಚಿಲ್ಲದ ಬೀಜ ಇತ್ಯಾದಿ ಪುಡಿ ಮಾಡಿ ಬಾವಿಗೆ ಹಾಕಿದ್ರೆ ಕಲಕು ನೀರು ತಿಳಿಯಾಗುತ್ತೆ ಅಂತ. ಚಿಲ್ಲದ ಬೀಜ ಕೆಸರನ್ನ ತಳಕ್ಕೆ ಕೂರಿಸೋದು ನಿಜವೇ. ರೋಮಿನ ವಿಟ್ರೂವಿಯಸ್ ಅನ್ನೋ ಕಟ್ಟಡದ ಇಂಜಿನಿಯರು ಎರಡು ಸಾವಿರ ವರ್ಷದ ಹಿಂದೆ ಬರೆದ ಪರೀಕ್ಷೆಗಳು ನನಗೆ ಇನ್ನೂ ಇಷ್ಟ. ಒರತೆಯ ಸುತ್ತ ವಾಸ ಮಾಡೋ ಜನರನ್ನ ನೋಡು, ಅವರ ಮೈಬಣ್ಣ ಹೇಗಿದೆ, ಕಾಲು ಗಟ್ಟಿ ಇದೆಯಾ, ಕಣ್ಣು ಶುಭ್ರ ಇದೆಯಾ. ಒಳ್ಳೇ ಕಂಚಿನ ಪಾತ್ರೆ ಮೇಲೆ ನೀರು ಚಿಮುಕಿಸು, ಕಲೆ ಉಳಿಯುತ್ತಾ ನೋಡು. ಆ ನೀರಲ್ಲಿ ಕಾಳು ತರಕಾರಿ ಬೇಗ ಬೇಯುತ್ತಾ ನೋಡು. ಬೇಳೆ ಬೇಯೋ ನೀರು, ಬೇಳೆ ಬೇಯದ ನೀರು ಅಂತ ನಮ್ಮ ಅಜ್ಜಿಯಂದಿರೂ ಮಾಡ್ತಿದ್ದ ಪರೀಕ್ಷೆಯೇ ಇದು!

ಈ ಪರೀಕ್ಷೆಗಳೆಲ್ಲ ಆ ಕಾಲಕ್ಕೆ ಸಾಕಾಗಿತ್ತೇನೋ. ಕೆಸರು, ಉಪ್ಪು, ಸುಣ್ಣ ಇದ್ರೆ ಕಣ್ಣಿಗೋ ನಾಲಿಗೆಗೋ ಪಾತ್ರೆಗೋ ಗೊತ್ತಾಗುತ್ತೆ. ಈಗ ನೀರಿಗೆ ಸೇರೋದು ಹಾಗಲ್ಲ. ಗಾಜಿನ ಹಾಗೆ ತಿಳಿಯಾಗಿರುತ್ತೆ, ಬೇಳೆನೂ ಬೇಯುತ್ತೆ, ಮೀನು ಮಾತ್ರ ಸತ್ತು ತೇಲುತ್ತೆ.

ಇಲ್ಲಿಗೆ ದೊಡ್ಡಪ್ಪನ ಕತೆ. ದೊಡ್ಡಪ್ಪನ ಮನೆ ತಾಳಗುಪ್ಪದಿಂದ ಸ್ವಲ್ಪ ಒಳಗೆ. ಅಂಗಳದ ಪಕ್ಕ ಒಂದು ಸಣ್ಣ ಕೊಳ ಮಾಡಿ ತಾವರೆ, ನಾಲ್ಕು ಮೀನು ಬಿಡಬೇಕು ಅಂತ ಅವರ ಮಗಳ ಆಸೆ. ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದ್ರೆ ಕಾಲು ಇಳಿಬಿಟ್ಟು ಕೂರ್ತಾವೆ ಅನ್ನೋದು ದೊಡ್ಡಪ್ಪನ ಆಸೆ. ಗುಂಡಿ ತೋಡೋದು ಸುಲಭ. ನೀರು ಯಾವುದು ಅನ್ನೋದರ ಮೇಲೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ. ಬೋರಿನ ನೀರು ಬಿಡೋಣ ಅಂತ ಅಣ್ಣ. ತೋಟದ ಬಸಿಗಾಲುವೆ ನೀರು ಸುಮ್ನೆ ಹರಿದು ಹೋಗುತ್ತಲ್ಲ, ತಿರುಗಿಸೋಣ ಅಂತ ಅತ್ತಿಗೆ. ಅಬ್ಬಿ ನೀರು ಇರೋವಾಗ ಬೇರೆ ಯಾಕೆ ಅಂತ ನಾನು. ದೊಡ್ಡಪ್ಪ ಎಲ್ಲ ಕೇಳಿ ಅಂದಿದ್ದು ಒಂದೇ ಮಾತು: "ತಮಾ, ನೀರು ನೋಡಡ, ನೀರಿನ ಮೇಲೆ ಎಂತ ಇದ್ದು ನೋಡು."

ಬಸಿಗಾಲುವೆಯ ಮೇಲೆ ಇರೋದು ಅಡಿಕೆ ತೋಟ. ಇಲ್ಲಿ ಇನ್ನೊಂದು ಇತಿಹಾಸ ಇದೆ. ಮಳೆಗಾಲದ ಕೊಳೆರೋಗಕ್ಕೆ ಹಿಂದೆ ಕರಡದ ಹುಲ್ಲಿನ ಕೊಟ್ಟೆ ಮಾಡಿ ಕೊನೆಗೆ ಕಟ್ಟೋರು. ಆ ಕರಡ ಬರ್ತಿದ್ದಿದ್ದು ಬ್ಯಾಣದಿಂದ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನಲ್ಲಿ ಈ ರೋಗ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಹೊಡೆಯೋದನ್ನ ಬಳಕೆಗೆ ತಂದರು. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಗೆ 1880ರ ದಶಕದಲ್ಲಿ ಕಂಡುಕೊಂಡ ಔಷಧಿ ಅದು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಆ ಔಷಧಿ ಇಲ್ಲದಿದ್ರೆ ನಮ್ಮಂಥವರ ಓದು ಬರಹಕ್ಕೆ ದುಡ್ಡೆಲ್ಲಿ ಬರ್ತಿತ್ತು? ಅದನ್ನ ಬೈಯೋ ಹಕ್ಕು ನನಗಿಲ್ಲ. ಆದ್ರೆ ಮೈಲುತುತ್ತ ಅಂದ್ರೆ ತಾಮ್ರ. ಮನುಷ್ಯ ತಾಮ್ರದ ತಂಬಿಗೆಯಲ್ಲಿ ನೀರು ಕುಡಿದು ಅರಗಿಸ್ಕೊಳ್ತಾನೆ, ಮೀನು ಬಸವನಹುಳುಗಳಿಗೆ ಸ್ವಲ್ಪವೇ ತಾಮ್ರ ವಿಷ. ನೂರು ವರ್ಷದಿಂದ ಕೊನೆಗೌಡ ಹೊಡೆದ ತಾಮ್ರ ಹೆಚ್ಚಿನಂಶ ತೋಟದ ಮಣ್ಣಲ್ಲೇ ಅಂಟಿಕೊಂಡಿರುತ್ತೆ. ಜೋರು ಮಳೆಗೆ ಆ ಮಣ್ಣು ಬಸಿಗಾಲುವೆಗೆ ಇಳಿಯುತ್ತೆ. ಆ ನೀರಿಗೆ ಮೀನು ಬಿಡೋಹಾಗಿಲ್ಲ. ಅತ್ತಿಗೆಯ ಐಡಿಯಾ ಅಲ್ಲಿಗೆ ಬಿತ್ತು.

ಬೋರಿನ ಮೇಲೆ ಏನೂ ಇಲ್ಲ ನಿಜ. ಆದ್ರೆ ಆಳದಿಂದ ಬರೋ ನೀರಲ್ಲಿ ಪ್ರಾಣವಾಯು ಕಮ್ಮಿ, ನಮ್ಮ ಕಡೆ ಕಬ್ಬಿಣ ಜಾಸ್ತಿ. ತೊಟ್ಟಿಗೆ ಬಿಟ್ಟ ಒಂದು ದಿನಕ್ಕೇ ಕೆಂಪು ಕಿಟ್ಟ ಕಟ್ಟೋದು ನೋಡಿರ್ತೀರಿ. ಎತ್ತರದಿಂದ ಧುಮುಕಿಸಿ ಗಾಳಿ ಸೇರಿಸಿ ಕಿಟ್ಟ ತೆಗೆದು ಬಿಡಬಹುದು, ಆದ್ರೆ ತಾವರೆ ಕೊಳಕ್ಕೆ ಅಂತ ದಿನಾ ಮೋಟರು ಹಾಕೋಕೆ ಮಲೆನಾಡಿನ ಕರೆಂಟು ಬಿಡಬೇಕಲ್ಲ. (ಬೆಂಗಳೂರಿನ ಗೆಳೆಯರಿಗೆ: ನಿಮ್ಮ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ನೇರ ಮೀನಿನ ತೊಟ್ಟಿಗೆ ಬಿಡಬೇಡಿ. ಬಾಯಿ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟು ಬಿಡಿ. ಕ್ಲೋರಮೀನ್ ಹಾಕಿದ ನೀರಾದ್ರೆ ಇಟ್ಟರೂ ಹೋಗಲ್ಲ, ಅದಕ್ಕೆ ಬೇರೆ ಔಷಧಿ ಬೇಕು.)

ಉಳಿದಿದ್ದು ನನ್ನ ಅಬ್ಬಿ, ದೇವಗಂಗೆಯ ದಾರಿ. ನಾನು, ದೊಡ್ಡಪ್ಪ ಇಬ್ರೂ ಅಬ್ಬಿಯ ಮೂಲ ಹಿಡಿದು ಗುಡ್ಡ ಹತ್ತಿದ್ವಿ. ಅಜ್ಜನ ಕಾಲದಲ್ಲಿ ಮೇಲೆ ಇದ್ದಿದ್ದು ಬ್ಯಾಣ. ಕೊಟ್ಟೆ ಕಟ್ಟೋದು ಕಮ್ಮಿ ಆದ ಮೇಲೆ ಕರಡಕ್ಕೆ ಬೆಲೆ ಹೋಯ್ತು, ಬ್ಯಾಣ 'ಪಾಳು ಜಾಗ' ಆಯ್ತು. ಪಾಳು ಅಂತ ಹೆಸರು ಬಿದ್ದ ಜಾಗಕ್ಕೆ ಅಕೇಶಿಯಾ ಬಂತು. ಇದು ನಮ್ಮೊಬ್ಬರ ಗುಡ್ಡದ ಕತೆಯಲ್ಲ, ಜಿಲ್ಲೆಯಲ್ಲೆಲ್ಲ ಆಗಿದ್ದು. 1980ರಲ್ಲಿ ಸರ್ಕಾರ ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗೆ ಅರಣ್ಯ ಭೂಮಿಯನ್ನ ನೆಡುತೋಪಿಗೆ ಗುತ್ತಿಗೆ ಕೊಟ್ಟಿತ್ತು, ಆ ಗುತ್ತಿಗೆ ಮುಗಿದಿದ್ದು 2020ರಲ್ಲಿ. ಆ ಮುಂದೇನು ಅನ್ನೋದಕ್ಕೆ ಮಲೆನಾಡಿನಲ್ಲಿ ದೊಡ್ಡ ಹೋರಾಟವೇ ನಡೀತು.

ನಮ್ಮ ಅಬ್ಬಿಯ ಮೇಲಿನ ಅಕೇಶಿಯಾ ಕಡಿದು ಎರಡು ವರ್ಷ ಆಗಿದೆ. ಈಗ ಅಲ್ಲಿ ಶುಂಠಿ. ಯಾರೋ ಗುತ್ತಿಗೆಗೆ ಹಿಡಿದಿದ್ದಾರೆ. ಶುಂಠಿಗೆ ಕೊಳೆರೋಗ ಬರಬಾರದು ಅಂತ ಮಣ್ಣಿಗೆ ಒಂದು ಔಷಧಿ, ಎಲೆಗೆ ಒಂದು, ಕಳೆಗೆ ಇನ್ನೊಂದು. ಬದುವಿನಲ್ಲಿ ಖಾಲಿ ಡಬ್ಬಿಗಳ ರಾಶಿ ನೋಡಿ ದೊಡ್ಡಪ್ಪ ಮಾತಾಡಲಿಲ್ಲ. ಅಬ್ಬಿಯ ಬುಡದ ಗುಂಡಿಯಲ್ಲಿ ಕೂತು ಬಹಳ ಹೊತ್ತು ನೀರು ನೋಡಿದ್ರು. "ಮೊದ್ಲು ಇಲ್ಲಿ ಗೊದಮೊಟ್ಟೆ ತುಂಬ್ಕಂಡು ಇರ್ತಿತ್ತು" ಅಂದ್ರು. ಒಂದೂ ಕಾಣಲಿಲ್ಲ. ಔಷಧಿಯಿಂದಲೇ ಅಂತ ನಾನು ಹೇಳೋಕಾಗಲ್ಲ, ಅದಕ್ಕೆ ನೀರನ್ನ ಲ್ಯಾಬಿಗೆ ಕೊಡಬೇಕು. ಆದ್ರೆ ವಿಟ್ರೂವಿಯಸ್ ಒರತೆಯ ಸುತ್ತಲಿನ ಜನರನ್ನ ನೋಡು ಅಂದಿದ್ದನಲ್ಲ, ಗೊದಮೊಟ್ಟೆಗಳೂ ಒರತೆಯ ಸುತ್ತಲಿನ ಜನರೇ.

ನನಗೆ ಹೊಟ್ಟೆ ಉರಿದಿದ್ದು ಕೊಳದ ಬಗ್ಗೆ ಅಲ್ಲ. ಆ ಅಬ್ಬಿ ನೀರು ಕೆಳಗಿನ ಮೂರು ಮನೆಗಳಿಗೆ ಇವತ್ತಿಗೂ ಕುಡಿಯೋ ನೀರು. ಆ ಮೂರು ಮನೆಗೂ ಅವತ್ತೇ ಹೋಗಿ ಹೇಳಿದ್ವಿ. ನೀರು ಪರೀಕ್ಷೆಗೆ ಕೊಡೋದು ಅಂತಾಗಿದೆ, ಮಳೆ ಶುರುವಾಗಿ ಮೊದಲ ನೀರು ಇಳಿದಾಗ ಒಂದು ಸಲ, ಮಳೆ ಮುಗಿದ ಮೇಲೆ ಇನ್ನೊಂದು ಸಲ. ಶುಂಠಿಯವರ ಹತ್ರ ಮಾತಾಡೋಕೆ ದೊಡ್ಡಪ್ಪನೇ ಹೊರಟಿದ್ದಾರೆ, ಒರತೆಯ ಹತ್ತಿರದ ಪಟ್ಟೆಯನ್ನಾದ್ರೂ ಬಿಟ್ಟುಕೊಡಿ ಅಂತ ಕೇಳೋಕೆ.

ಕೊಳಕ್ಕೆ ಕಡೆಗೆ ಗತಿಯಾಗಿದ್ದು ಹಂಚಿನ ಮಾಡಿನ ಮಳೆನೀರು ಮತ್ತು ಅಂಗಳದ ತೆರೆದ ಬಾವಿ. ಮೊದಲ ನಾಲ್ಕು ಮಳೆಯ ನೀರು ಹೊರಗೆ ಬಿಟ್ಟು, ಆಮೇಲಿನದನ್ನ ತುಂಬಿಸೋದು. ಬರೀ ಮಳೆನೀರು ತೀರಾ ಮೆದು, ಅದಕ್ಕೇ ಬಾವಿ ನೀರು ಬೆರೆಸೋದು, ಬೇಸಿಗೆಯಲ್ಲಿ ಇಂಗಿದಷ್ಟನ್ನ ಬಾವಿಯಿಂದಲೇ ತುಂಬೋದು. ಬಾವಿ ಇರೋದು ತೋಟಕ್ಕಿಂತ ಮೇಲೆ, ಕೊಟ್ಟಿಗೆ, ಗೊಬ್ಬರ ಗುಂಡಿ, ಪಾಯಿಖಾನೆ ಗುಂಡಿ ಮೂರೂ ಅದಕ್ಕಿಂತ ಕೆಳಗೆ. ಇಷ್ಟು ವರ್ಷ ನಾನು ಅದನ್ನ ಗಮನಿಸೇ ಇರಲಿಲ್ಲ. ಮನೆ ಕಟ್ಟಿದ ಮುತ್ತಜ್ಜ ಗಮನಿಸಿದ್ದ.

ದೇವಗಂಗೆಗೆ ಹೋಗೋರು ಹೊಸನಗರದಿಂದ ನಗರದ ದಾರಿ ಹಿಡೀರಿ, ನಗರದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಮಳೆಗಾಲ ಮುಗಿದ ಮೇಲೆ ಹೋದ್ರೆ ಚಂದ, ಬೇಸಿಗೆಯಲ್ಲಿ ಹೋದ್ರೆ ಆಶ್ಚರ್ಯ. ಸೋಪು ಶಾಂಪೂ ದಯವಿಟ್ಟು ಬ್ಯಾಗಲ್ಲೇ ಇರಲಿ. ಫೋಟೋ ತೆಗೆದಾದ ಮೇಲೆ ಕೊಳಕ್ಕೆ ಬೆನ್ನು ಹಾಕಿ ಹಿಂದಿನ ಗುಡ್ಡ ಒಂದು ಸಲ ನೋಡಿ, ಅದರದ್ದೂ ಒಂದು ಫೋಟೋ ತೆಗೆದು ತಾರೀಕು ಬರೆದಿಡಿ. ನಾನು ಮುಂದಿನ ಸಲ ಹೋದಾಗ ಅದನ್ನೇ ಮಾಡೋನು. ಹಾಗೇ ನಿಮ್ಮೂರ ಕಡೆ ಇಂಥ ಒರತೆಯ ಕೊಳ ಇದ್ರೆ, ಅದರ ಮೇಲೆ ಈಗ ಏನಿದೆ ಅಂತ ಹೇಳ್ತೀರಾ?